ಬಿತ್ತುವ ಕೂರಿಗೆಯನ್ನು ಕಂಪ್ಯೂಟರಿನಲ್ಲೇ ಜೋಡಿಸೋಣ: ಫ್ಯೂಷನ್ ಜಾಯಿಂಟ್‌ಗಳ ಸಮಗ್ರ ಮಾರ್ಗದರ್ಶಿ

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡಿಸೈನ್ ಮಾಡೋದು, ಕಲಿತವರಲ್ಲಿ ಬಿಡಿಭಾಗ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸ್ಕೆಚ್ ಹಾಕಿ, ಎಕ್ಸ್‌ಟ್ರೂಡ್ ಮಾಡಿ, ಅಂದರೆ ಗೆರೆಚಿತ್ರಕ್ಕೆ ದಪ್ಪ ಕೊಟ್ಟು, ತೂತು ಕೊರೆದು ಚೆಂದದ ಬ್ರಾಕೆಟ್ ತೋರಿಸುತ್ತಾರೆ. ಅದನ್ನು ಇನ್ನೊಂದು ಭಾಗಕ್ಕೆ ಕೂಡಿಸಿ ಅಂದರೆ ಮಾತ್ರ ಮೂವ್ ಕಮಾಂಡ್ ತೆಗೆದು, ಕಣ್ಣಳತೆಯಲ್ಲಿ ಎಳೆದು, ಝೂಮ್ ಮಾಡಿ ನೋಡಿ, ಮತ್ತೆ ಸ್ವಲ್ಪ ಎಳೆದು ನಿಲ್ಲಿಸುತ್ತಾರೆ. ನೋಡೋಕೆ ಸರಿಯಾಗೇ ಕಾಣುತ್ತೆ. ಆಮೇಲೆ ಪೆಟ್ಟಿಗೆಯ ಎತ್ತರ 20 ಎಂಎಂ ಜಾಸ್ತಿ ಮಾಡಿದರೆ ಮುಚ್ಚಳ ಅಲ್ಲೇ ಗಾಳಿಯಲ್ಲಿ ಉಳಿಯುತ್ತೆ, ಪೆಟ್ಟಿಗೆ ಅದರೊಳಗೆ ತೂರಿಕೊಂಡು ಬರುತ್ತೆ.

ಜಾಯಿಂಟ್ ಇರುವುದು ಇದಕ್ಕೇ. ಎರಡು ಭಾಗಗಳ ನಡುವೆ ಯಾವ ಸಂಬಂಧ ಇದೆ, ಯಾವ ಚಲನೆಗೆ ಅವಕಾಶ ಇದೆ ಅನ್ನೋದನ್ನು ಒಮ್ಮೆ ಹೇಳಿಬಿಟ್ಟರೆ ಅಳತೆ ಬದಲಾದರೂ ಆ ಸಂಬಂಧ ಉಳಿಯುತ್ತೆ. ನಾನು ಇಲ್ಲಿ ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಜಾಯಿಂಟ್ ಆರಿಸುವ ಮುಂಚೆ ಮೌಸ್ ಬಿಡಿ. ವರ್ಕ್‌ಶಾಪ್‌ನಲ್ಲಿ ಆ ಭಾಗ ಕೈಗೆ ಸಿಕ್ಕರೆ ಅದು ಹೇಗೆ ಅಲುಗಾಡುತ್ತೆ ಅಂತ ಯೋಚಿಸಿ. ಕಬ್ಬಿಣ ಎಷ್ಟು ಅಲುಗಾಡುತ್ತೋ ಅಷ್ಟೇ ಸ್ಕ್ರೀನ್ ಮೇಲೂ ಅಲುಗಾಡಬೇಕು.

ಉದಾಹರಣೆಗೆ ಟ್ರ್ಯಾಕ್ಟರ್ ಕೂರಿಗೆಯನ್ನೇ ತೆಗೆದುಕೊಳ್ಳೋಣ. ಇಂಟರ್ನೆಟ್ಟಿನಲ್ಲಿ ಜಾಯಿಂಟ್ ಪಾಠ ಹುಡುಕಿದರೆ ಬರೀ ರೋಬೋಟ್ ಕೈ, ಟೇಬಲ್ ಲ್ಯಾಂಪು. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಕೂರಿಗೆ ಯಾರಿಗೂ ಹೊಸದಲ್ಲ, ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಫ್ಯಾಬ್ರಿಕೇಶನ್ ಕೆಲಸಕ್ಕೂ ಕೊರತೆಯಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದೂ ಇಂಥ ಕೃಷಿ ಯಂತ್ರಗಳನ್ನು ಮಾಡಿದ್ದಕ್ಕೇ. ಇನ್ನೊಂದು ಅನುಕೂಲ ಅಂದರೆ, ತಿರುಗೋದು, ಜಾರೋದು, ಎರಡೂ ಮಾಡೋದು, ಎಲ್ಲ ಕಡೆ ವಾಲೋದು ಎಲ್ಲವೂ ಈ ಒಂದೇ ಯಂತ್ರದಲ್ಲಿ ಸಿಗುತ್ತೆ.

ಸಾಫ್ಟ್‌ವೇರ್ ಆಟೋಡೆಸ್ಕ್ ಫ್ಯೂಷನ್. ಮನೆಯಲ್ಲಿ ಕಲಿಯೋಕೆ ಪರ್ಸನಲ್ ಲೈಸೆನ್ಸ್ ಉಚಿತ. ಅದರಲ್ಲಿ ಒಂದು ಸಲಕ್ಕೆ 10 ಫೈಲ್ ಮಾತ್ರ ಎಡಿಟ್ ಮಾಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದು, ಉಳಿದದ್ದನ್ನು ರೀಡ್ ಓನ್ಲಿ ಮಾಡಿಡಬೇಕು. ವಿದ್ಯಾರ್ಥಿಗಳಿಗೆ ಎಜುಕೇಶನ್ ಲೈಸೆನ್ಸ್ ಬೇರೆಯೇ ಇದೆ. ಮೆನುಗಳ ಜಾಗ ಆಗಾಗ ಬದಲಾಗುತ್ತಿರುತ್ತೆ. ಯಾವುದಾದರೂ ಕಮಾಂಡ್ ಸಿಗದಿದ್ದರೆ ಎಸ್ ಕೀ ಒತ್ತಿ ಹೆಸರು ಟೈಪ್ ಮಾಡಿ, ಬರುತ್ತೆ.

ಮೊದಲು ಭಾಗ ಹಂಚಿಕೊಳ್ಳಿ

ಫ್ಯೂಷನ್‌ನಲ್ಲಿ ಬಾಡಿ ಬೇರೆ, ಕಾಂಪೊನೆಂಟ್ ಬೇರೆ. ಬಾಡಿ ಅಂದರೆ ಬರೀ ಒಂದು ಘನ ಆಕಾರ, ಕಾಂಪೊನೆಂಟ್ ಅಂದರೆ ತಾನೇ ಬೇರೆಯಾಗಿ ಅಲುಗಾಡಬಲ್ಲ ಭಾಗ. ಜಾಯಿಂಟ್ ಬೀಳುವುದು ಕಾಂಪೊನೆಂಟ್‌ಗಳ ನಡುವೆ ಮಾತ್ರ. ಹೊಸಬರ ಅರ್ಧ ಗೋಳು ಇಲ್ಲೇ ಇರೋದು: ಎಲ್ಲವನ್ನೂ ಒಂದೇ ಕಡೆ ಬಾಡಿಗಳಾಗಿ ಬಿಡಿಸಿಕೊಂಡು, ಆಮೇಲೆ ಜಾಯಿಂಟ್ ಕಮಾಂಡ್ ಯಾಕೆ ಕೇಳುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಹಾಗೆ ಬಿಡಿಸಿ ಆಗಿದ್ದರೆ ಎಡಗಡೆ ಭಾಗಗಳ ಪಟ್ಟಿ ತೋರಿಸುವ ಬ್ರೌಸರ್‌ನಲ್ಲಿ ಬಾಡೀಸ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ರಿಯೇಟ್ ಕಾಂಪೊನೆಂಟ್ಸ್ ಫ್ರಂ ಬಾಡೀಸ್ ಕೊಡಿ. ಹೊಸದಾಗಿ ಶುರು ಮಾಡುವುದಾದರೆ ಮೊದಲು ನ್ಯೂ ಕಾಂಪೊನೆಂಟ್, ಆಮೇಲೆ ಸ್ಕೆಚ್.

ಯಾವುದು ಒಂದು ಕಾಂಪೊನೆಂಟ್ ಆಗಬೇಕು? ವೆಲ್ಡ್ ಆಗಿ ಒಂದಾಗುವುದೆಲ್ಲ ಒಂದು ಕಾಂಪೊನೆಂಟ್, ಒಳಗೆ ಎಷ್ಟು ಬಾಡಿ ಇದ್ದರೂ ಪರವಾಗಿಲ್ಲ. ಬೋಲ್ಟ್ ಬಿಚ್ಚಿದರೆ ಬೇರೆಯಾಗುವುದು ಬೇರೆ ಕಾಂಪೊನೆಂಟ್. ಅಲುಗಾಡುವುದಂತೂ ಬೇರೆಯೇ ಇರಬೇಕು. ಕೂರಿಗೆಯ ಫ್ರೇಮಿಗೆ 50×50×6 ಆಂಗಲ್ ತುಂಡುಗಳು ಹತ್ತಿದ್ದರೂ ವೆಲ್ಡ್ ಆದಮೇಲೆ ಅದು ಒಂದೇ ವಸ್ತು. ಹತ್ತಕ್ಕೂ ಒಂಬತ್ತು ರಿಜಿಡ್ ಜಾಯಿಂಟ್ (ಅಲ್ಲಾಡದಂತೆ ಕೂಡಿಸುವ ಜಾಯಿಂಟ್) ಹಾಕುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ. ಕಟಿಂಗ್ ಲಿಸ್ಟ್‌ಗೆ ತುಂಡುಗಳು ಬೇರೆ ಬೇರೆ ಕಾಂಪೊನೆಂಟೇ ಆಗಿರಬೇಕು ಅನ್ನುವುದಾದರೆ ಅವನ್ನೆಲ್ಲ ಸೆಲೆಕ್ಟ್ ಮಾಡಿ ಒಂದು ರಿಜಿಡ್ ಗ್ರೂಪ್ ಮಾಡಿ, ಮುಗೀತು.

ನಮ್ಮ ಕೂರಿಗೆಯ ಕಾಂಪೊನೆಂಟ್‌ಗಳು ಇಷ್ಟು: ಮಾಸ್ಟ್ (ಟ್ರ್ಯಾಕ್ಟರಿಗೆ ಕೂಡುವ ನೆಟ್ಟಗಿನ ಚೌಕಟ್ಟು) ಸಮೇತ ಫ್ರೇಮ್, ಬೀಜದ ಪೆಟ್ಟಿಗೆ, ಅದರ ಮುಚ್ಚಳ, ಮಣ್ಣು ಸೀಳಿ ಬೀಜ ಇಳಿಸುವ ಆರು ತಾಳು ಮತ್ತು ಅವುಗಳ ಕ್ಲ್ಯಾಂಪ್, ಗಾಲಿಯ ತೋಳು, ಗಾಲಿ, ಸ್ಪ್ರಾಕೆಟ್‌ಗಳು, ಚೈನ್ ಬಿಗಿ ಮಾಡುವ ಐಡ್ಲರ್, ರೋಲರ್‌ಗಳಿರುವ ಚೌಕ ಶಾಫ್ಟ್. ಟ್ರ್ಯಾಕ್ಟರಿಗೆ ಕೂಡಿಸಿ ನೋಡಬೇಕಲ್ಲ, ಅದಕ್ಕೆ ಕೂರಿಗೆಯನ್ನು ಹಿಡಿದೆತ್ತುವ ಟ್ರ್ಯಾಕ್ಟರಿನ ತೋಳುಗಳು: ಕೆಳಗಿನ ಎರಡು ಲೋವರ್ ಲಿಂಕು, ಮೇಲಿನ ಒಂದು ಟಾಪ್ ಲಿಂಕು. ತಾಳಿನಂತೆ ಒಂದೇ ಥರದ ಭಾಗಗಳನ್ನು ಕಾಪಿ ಮಾಡುವಾಗ ಪೇಸ್ಟ್ ಕೊಡಿ, ಪೇಸ್ಟ್ ನ್ಯೂ ಬೇಡ. ಪೇಸ್ಟ್ ಕೊಟ್ಟರೆ ಒಂದನ್ನು ತಿದ್ದಿದಾಗ ಆರೂ ತಿದ್ದಿಕೊಳ್ಳುತ್ತವೆ.

ಫ್ರೇಮನ್ನು ನೆಲಕ್ಕೆ ಕಚ್ಚಿಸಿ

ಯಾವುದೋ ಒಂದು ಭಾಗ ಅಲ್ಲಾಡದೆ ನಿಂತಿರಬೇಕು. ಇಲ್ಲವಾದರೆ ಗಾಲಿ ಎಳೆಯೋಕೆ ಹೋದರೆ ಇಡೀ ಕೂರಿಗೆಯೇ ಎದ್ದು ಬರುತ್ತೆ. ಬ್ರೌಸರ್‌ನಲ್ಲಿ ಫ್ರೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರೌಂಡ್ ಕೊಡಿ. ಈಗಿನ ಆವೃತ್ತಿಗಳಲ್ಲಿ ಇದು ಗ್ರೌಂಡ್ ಟು ಪೇರೆಂಟ್ ಅಂತ ಕಾಣುತ್ತೆ. ಒಂದೇ ಒಂದು ಭಾಗ ಗ್ರೌಂಡ್ ಆದರೆ ಸಾಕು. ಎಲ್ಲವನ್ನೂ ಗ್ರೌಂಡ್ ಮಾಡಿಟ್ಟವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಯಾವ ಜಾಯಿಂಟೂ ಕೆಲಸ ಮಾಡಲ್ಲ.

ಜಾಯಿಂಟ್ ಕಮಾಂಡಿನ ಒಳಗೆ ಏನಿದೆ

ಜೆ ಕೀ ಒತ್ತಿದರೆ ಜಾಯಿಂಟ್ ತೆರೆಯುತ್ತೆ. ಮೊದಲು ಕ್ಲಿಕ್ ಮಾಡಿದ ಕಾಂಪೊನೆಂಟ್ ಎದ್ದು ಹೋಗಿ ಎರಡನೆಯದಕ್ಕೆ ಕೂಡಿಕೊಳ್ಳುತ್ತೆ. ಆದ್ದರಿಂದ ಮೊದಲು ಚಿಕ್ಕದು, ಆಮೇಲೆ ನಿಂತಿರುವುದು. ಈ ಅಭ್ಯಾಸ ಒಂದು ಆದರೆ ಅರ್ಧ ಗೊಂದಲ ಹೋಗುತ್ತೆ.

ಕ್ಲಿಕ್ ಮಾಡುವ ಜಾಗವೂ ಮುಖ್ಯ. ಭಾಗದ ಮೇಲೆ ಮೌಸ್ ಆಡಿಸಿದರೆ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ: ಮುಖದ ಮಧ್ಯ, ಮೂಲೆ, ಅಂಚಿನ ಮಧ್ಯ, ತೂತಿನ ವೃತ್ತದ ಕೇಂದ್ರ. ಬೇಕಾದ ಮುಖದ ಮೇಲೆ ಮೌಸ್ ಇಟ್ಟು ಕಂಟ್ರೋಲ್ ಕೀ ಹಿಡಿದುಕೊಂಡರೆ ಆ ಮುಖದ ಚುಕ್ಕಿಗಳು ಮಾತ್ರ ಉಳಿಯುತ್ತವೆ, ಪಕ್ಕದ ಮುಖಕ್ಕೆ ಜಾರಲ್ಲ. ಮ್ಯಾಕ್‌ನಲ್ಲಿ ಕಮಾಂಡ್ ಕೀ. ತೆಳ್ಳನೆ ತಗಡಿನ ಭಾಗಗಳಲ್ಲಿ ಇದು ಗೊತ್ತಿಲ್ಲದಿದ್ದರೆ ಹುಚ್ಚು ಹಿಡಿಯುತ್ತೆ, ಯಾಕಂದ್ರೆ 2 ಎಂಎಂ ತಗಡಿನಲ್ಲಿ ಮೇಲಿನ ಅಂಚು ಯಾವುದು ಕೆಳಗಿನ ಅಂಚು ಯಾವುದು ಅಂತ ಕಣ್ಣಿಗೆ ತಿಳಿಯಲ್ಲ.

ಕೂಡಿದ ಮೇಲೆ ಭಾಗ ತಲೆಕೆಳಗಾಗಿ ಕೂತರೆ ಫ್ಲಿಪ್ ಒತ್ತಿ. ತಿರುಗಿ ಕೂತರೆ ಆಂಗಲ್ ಬದಲಿಸಿ. ಸ್ವಲ್ಪ ದೂರ ಇರಬೇಕಾದರೆ ಎಕ್ಸ್, ವೈ, ಝಡ್ ಆಫ್‌ಸೆಟ್ ಇದೆ. ಇವು ಪೊಸಿಷನ್ ಭಾಗದಲ್ಲಿ. ಮೋಷನ್ ಭಾಗದಲ್ಲಿ ಜಾಯಿಂಟಿನ ಜಾತಿ ಆರಿಸಬೇಕು, ಅವು ಏಳು ಇವೆ.

ಬಿಡುವಾಗಿ ತೇಲುವ ಒಂದು ಭಾಗಕ್ಕೆ ಆರು ಚಲನೆ ಇರುತ್ತವೆ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ರಿಜಿಡ್ ಜಾಯಿಂಟ್ ಆರನ್ನೂ ಕಿತ್ತುಕೊಳ್ಳುತ್ತೆ. ರೆವಲ್ಯೂಟ್ ಒಂದು ತಿರುಗುವಿಕೆ ಬಿಡುತ್ತೆ, ಸ್ಲೈಡರ್ ಒಂದು ಸರಿದಾಟ ಬಿಡುತ್ತೆ. ಸಿಲಿಂಡ್ರಿಕಲ್‌ನಲ್ಲಿ ಒಂದೇ ಅಕ್ಷದಲ್ಲಿ ತಿರುಗಲೂಬಹುದು, ಸರಿಯಲೂಬಹುದು. ಪಿನ್ ಸ್ಲಾಟ್‌ನಲ್ಲಿ ಒಂದು ಅಕ್ಷದ ಸುತ್ತ ತಿರುಗಿ ಇನ್ನೊಂದು ದಿಕ್ಕಿಗೆ ಸರಿಯುತ್ತೆ. ಪ್ಲೇನರ್ ಅಂದರೆ ಮೇಜಿನ ಮೇಲಿಟ್ಟ ತಟ್ಟೆ, ಎರಡು ಕಡೆ ಸರಿಯುತ್ತೆ, ಅಲ್ಲೇ ತಿರುಗುತ್ತೆ. ಬಾಲ್ ಜಾಯಿಂಟ್ ಜಾಗ ಬಿಡಲ್ಲ, ಎಲ್ಲ ಕಡೆ ವಾಲುತ್ತೆ.

ಸಾಲಿಡ್‌ವರ್ಕ್ಸ್ ಕಲಿತು ಬಂದವರಿಗೆ ಒಂದು ಮಾತು. ಅಲ್ಲಿ ಶಾಫ್ಟನ್ನು ಬುಷ್‌ನಲ್ಲಿ ಕೂಡಿಸಲು ಸಾಮಾನ್ಯವಾಗಿ ಕಾನ್ಸೆಂಟ್ರಿಕ್ ಒಂದು, ಕೋಇನ್ಸಿಡೆಂಟ್ ಒಂದು ಅಂತ ಎರಡು ಮೇಟ್ ಹಾಕುತ್ತೀರಿ. ಇಲ್ಲಿ ಒಂದು ರೆವಲ್ಯೂಟ್ ಸಾಕು. ಹಳೇ ಅಭ್ಯಾಸದಲ್ಲಿ ಒಂದೇ ಜೋಡಿಗೆ ಎರಡೆರಡು ಜಾಯಿಂಟ್ ಹಾಕಬೇಡಿ.

ಪೆಟ್ಟಿಗೆ ಮತ್ತು ಮುಚ್ಚಳ

ಪೆಟ್ಟಿಗೆ ಫ್ರೇಮಿಗೆ ಬೋಲ್ಟ್ ಆಗುತ್ತೆ, ಅಲುಗಾಡಲ್ಲ, ಹಾಗಾಗಿ ರಿಜಿಡ್. ಪೆಟ್ಟಿಗೆಯ ಕಾಲಿನ ಬೋಲ್ಟ್ ತೂತಿನ ಕೆಳ ವೃತ್ತ ಮೊದಲು, ಫ್ರೇಮಿನ ತೂತಿನ ಮೇಲಿನ ವೃತ್ತ ಆಮೇಲೆ. ನಾಲ್ಕು ತೂತಿದ್ದರೂ ಜಾಯಿಂಟ್ ಒಂದಕ್ಕೇ. ಉಳಿದ ಮೂರು ತಾವಾಗೇ ಕೂಡಬೇಕು. ಕೂಡದಿದ್ದರೆ ತೂತಿನ ಅಳತೆಯೇ ತಪ್ಪಿದೆ, ಅದನ್ನು ಕಂಪ್ಯೂಟರಿನಲ್ಲೇ ಕಂಡುಕೊಂಡಿರಿ, ಲಾಭವೇ ಆಯ್ತು ಅಲ್ವಾ.

ಪೆಟ್ಟಿಗೆಯನ್ನು ಮೊದಲೇ ಸರಿಯಾದ ಜಾಗದಲ್ಲೇ ಬಿಡಿಸಿದ್ದರೆ ಆಸ್ ಬಿಲ್ಟ್ ಜಾಯಿಂಟ್ ಉಪಯೋಗಿಸಿ, ಶಿಫ್ಟ್ ಜೊತೆ ಜೆ. ಅದು ಭಾಗವನ್ನು ಸರಿಸಲ್ಲ, ಇದ್ದಲ್ಲೇ ಸಂಬಂಧ ಕಟ್ಟುತ್ತೆ.

ಮುಚ್ಚಳಕ್ಕೆ ಹಿಂಜ್ ಇದೆ, ಅಂದರೆ ರೆವಲ್ಯೂಟ್. ಹಿಂಜ್ ಪಿನ್ನಿನ ವೃತ್ತದ ಕೇಂದ್ರ ಎರಡೂ ಕಡೆ ಕ್ಲಿಕ್ ಮಾಡಿ, ತಿರುಗುವ ಅಕ್ಷ ಪಿನ್ ಉದ್ದಕ್ಕೆ ಇದೆಯಾ ಅಂತ ಪ್ರಿವ್ಯೂನಲ್ಲಿ ನೋಡಿ. ಇಷ್ಟಕ್ಕೆ ಬಿಟ್ಟರೆ ಮುಚ್ಚಳ ಪೆಟ್ಟಿಗೆಯನ್ನೇ ಸೀಳಿಕೊಂಡು 360 ಡಿಗ್ರಿ ಸುತ್ತುತ್ತೆ. ಜಾಯಿಂಟ್ ಗುರುತಿನ ಮೇಲೆ ರೈಟ್ ಕ್ಲಿಕ್, ಎಡಿಟ್ ಜಾಯಿಂಟ್ ಲಿಮಿಟ್ಸ್. ಮಿನಿಮಮ್ 0, ಮ್ಯಾಕ್ಸಿಮಮ್ 110. ಮುಚ್ಚಳ ಉಲ್ಟಾ ದಿಕ್ಕಿಗೆ ತೆರೆದರೆ ಅದೇ ಅಂಕಿಗೆ ಮೈನಸ್ ಹಾಕಿ. ರೆಸ್ಟ್ ಅನ್ನೋ ಇನ್ನೊಂದು ಖಾನೆ ಇದೆ, ಅಲ್ಲಿ 0 ಕೊಟ್ಟರೆ ಮುಚ್ಚಿರುವುದೇ ಅದರ ಸಹಜ ಸ್ಥಿತಿ ಅಂತ ಆಗುತ್ತೆ.

110 ಯಾಕೆ ಅಂದರೆ, 90ಕ್ಕೆ ನಿಲ್ಲಿಸಿದರೆ ಗಾಳಿಗೆ ಮುಚ್ಚಳ ವಾಪಸ್ ಕೈ ಮೇಲೆ ಬೀಳುತ್ತೆ. ಆದರೆ 110ಕ್ಕೆ ಮಾಸ್ಟ್ ಅಡ್ಡ ಬರುತ್ತಾ? ಜಾಯಿಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವ್ ಜಾಯಿಂಟ್ಸ್ ಕೊಟ್ಟು 110 ಟೈಪ್ ಮಾಡಿ, ಹಿಂದಿನಿಂದ ನೋಡಿ.

ತಾಳುಗಳು

ಇದು ನನಗೆ ತುಂಬಾ ಇಷ್ಟದ ಭಾಗ. ಕಡಲೆಗೆ ಸಾಲಿನ ಅಂತರ 30 ಸೆಂ.ಮೀ., ಹಿಂಗಾರಿ ಜೋಳಕ್ಕೆ 45. ಒಂದೇ ಕೂರಿಗೆಯಲ್ಲಿ ಎರಡೂ ಆಗಬೇಕು ಅನ್ನೋದು ರೈತರ ಬೇಡಿಕೆ. ಅದಕ್ಕೇ ಕ್ಲ್ಯಾಂಪ್ ಸಡಿಲಿಸಿ ತಾಳನ್ನು ಫ್ರೇಮಿನ ಅಡ್ಡ ಸಲಾಕೆ, ಅಂದರೆ ಟೂಲ್ ಬಾರ್ ಮೇಲೆ ಸರಿಸುವ ಹಾಗೆ ಮಾಡುತ್ತಾರೆ. ಸ್ಲೈಡರ್ ಹಾಕೋಣ ಅಂತ ಮೊದಲು ಅನಿಸುತ್ತೆ. ಹಾಕಬಹುದು. ಆದರೆ ಆರು ಸ್ಲೈಡರನ್ನು ಕೈಯಲ್ಲಿ ಎಳೆದು 300, 300 ಅಂತ ಕೂಡಿಸುವುದು ಮತ್ತೆ ಕಣ್ಣಳತೆ ಕೆಲಸವೇ.

ಇದರ ಬದಲು ಹೀಗೆ ಮಾಡಿ. ಮಾಡಿಫೈ ಮೆನುವಿನಲ್ಲಿ ಚೇಂಜ್ ಪ್ಯಾರಾಮೀಟರ್ಸ್ ತೆರೆದು ಸಾಲಿನ ಅಂತರಕ್ಕೆ ಒಂದು ಯೂಸರ್ ಪ್ಯಾರಾಮೀಟರ್ (ಹೆಸರಿಟ್ಟ ಅಳತೆ) ಮಾಡಿ, ಬೆಲೆ 300 ಎಂಎಂ. ಟೂಲ್ ಬಾರ್ ಮಧ್ಯದಲ್ಲಿ ಒಂದು ಜಾಯಿಂಟ್ ಒರಿಜಿನ್ (ಜಾಯಿಂಟ್ ಹಿಡಿಯಲು ನಾವೇ ಇಡುವ ಗುರುತು) ಇಡಿ, ಇದು ಅಸೆಂಬಲ್ ಮೆನುವಿನಲ್ಲೇ ಇದೆ. ಪ್ರತಿ ಕ್ಲ್ಯಾಂಪನ್ನೂ ಆ ಒರಿಜಿನ್‌ಗೆ ರಿಜಿಡ್ ಜಾಯಿಂಟ್‌ನಿಂದ ಕೂಡಿಸಿ, ಬಾರಿನ ಉದ್ದದ ದಿಕ್ಕಿನ ಆಫ್‌ಸೆಟ್ ಖಾನೆಯಲ್ಲಿ ಅಂಕಿಯ ಬದಲು ಆ ಪ್ಯಾರಾಮೀಟರಿನ ಹೆಸರನ್ನು 0.5ರಿಂದ ಗುಣಿಸಿ ಬರೆಯಿರಿ. ಮುಂದಿನದಕ್ಕೆ 1.5, ಅದರ ಮುಂದಿನದಕ್ಕೆ 2.5. ಇನ್ನೊಂದು ಬದಿಗೆ ಇವೇ ಅಂಕಿ, ಮೈನಸ್ ಹಾಕಿ. ಆರು ತಾಳು ಮಧ್ಯದಿಂದ 150, 450, 750 ಎಂಎಂ ದೂರದಲ್ಲಿ ಎರಡೂ ಕಡೆ ಕೂರುತ್ತವೆ.

ಈಗ ಪ್ಯಾರಾಮೀಟರ್ 450 ಮಾಡಿ ಓಕೆ ಕೊಡಿ. ಆರೂ ಒಟ್ಟಿಗೆ ಸರಿಯುತ್ತವೆ. ಟೂಲ್ ಬಾರ್ 1800 ಎಂಎಂ ಇದ್ದರೆ ಮಧ್ಯದಿಂದ ಒಂದು ಕಡೆಗೆ 900 ಮಾತ್ರ. ಕೊನೆಯ ತಾಳುಗಳು 1125ಕ್ಕೆ ಹೋಗಿ ಬಾರಿನ ಹೊರಗೆ ಗಾಳಿಯಲ್ಲಿ ನಿಲ್ಲುತ್ತವೆ. ಉಳಿದ ನಾಲ್ಕು 225 ಮತ್ತು 675ಕ್ಕೆ ಸರಿಯಾಗಿ ಕೂತಿರುತ್ತವೆ. ಅಂದರೆ ಈ ಬಾರಿನಲ್ಲಿ ಕಡಲೆಗೆ ಆರು ಸಾಲು, ಜೋಳಕ್ಕೆ ನಾಲ್ಕು ಸಾಲು. ಲೆಕ್ಕ ಮಾಡದೆ ಸ್ಕ್ರೀನ್ ನೋಡಿಯೇ ಗೊತ್ತಾಯ್ತು. ಬಾರ್ ಉದ್ದ ಮಾಡಬೇಕಾ ಅನ್ನೋದು ಗಿರಾಕಿಗೆ ಬಿಟ್ಟದ್ದು.

ತಾಳಿನ ಆಳಕ್ಕೆ ಮಾತ್ರ ಸ್ಲೈಡರ್ ಸರಿ. ಕ್ಲ್ಯಾಂಪ್ ಒಳಗೆ ತಾಳಿನ ಪಟ್ಟಿ ಮೇಲೆ ಕೆಳಗೆ ಜಾರುತ್ತೆ. ಲಿಮಿಟ್ 0ಯಿಂದ 100. ಬೇಕಾದ ಆಳಕ್ಕೆ ತಂದು ಜಾಯಿಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಕ್ ಕೊಟ್ಟುಬಿಡಿ, ಬೇರೆ ಏನೋ ಎಳೆಯುವಾಗ ಇದು ಜಾರಲ್ಲ.

ಗಾಲಿ, ತೋಳು, ಚೈನು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬೀಜ ಬೀಳಿಸುವ ರೋಲರನ್ನು ತಿರುಗಿಸುವುದು ನೆಲದ ಮೇಲೆ ಉರುಳುವ ಗಾಲಿ. ನೆಲ ಸಮ ಇರಲ್ಲ, ಅದರಲ್ಲೂ ನಮ್ಮ ಎರೆಹೊಲದ ಹೆಂಟೆ ಗೊತ್ತಲ್ಲ. ಆದ್ದರಿಂದ ಗಾಲಿ ಒಂದು ತೋಳಿನ ತುದಿಯಲ್ಲಿದ್ದು ಏರಿಳಿಯಬೇಕು. ತೋಳು ಫ್ರೇಮಿಗೆ ರೆವಲ್ಯೂಟ್, ಲಿಮಿಟ್ ಮೇಲೆ 15 ಡಿಗ್ರಿ, ಕೆಳಗೆ 20 ಡಿಗ್ರಿ. ಗಾಲಿ ತೋಳಿಗೆ ರೆವಲ್ಯೂಟ್, ಲಿಮಿಟ್ ಬೇಡ. ಶಾಫ್ಟ್ 25 ಎಂಎಂ ಆದರೆ ಪೆಡೆಸ್ಟಲ್ ಬೇರಿಂಗ್ ಯುಸಿಪಿ 205 ಬರುತ್ತೆ. ಅದರ ತಳದಿಂದ ಶಾಫ್ಟ್ ಮಧ್ಯಕ್ಕೆ 36.5 ಎಂಎಂ. ಬೇರಿಂಗಿನ ಒಳಗಿನ ಗುಂಡುಗಳನ್ನೆಲ್ಲ ಬಿಡಿಸಬೇಡಿ. ಹೌಸಿಂಗ್ ಫ್ರೇಮಿಗೆ ರಿಜಿಡ್, ಶಾಫ್ಟ್ ಹೌಸಿಂಗಿಗೆ ರೆವಲ್ಯೂಟ್, ಅಷ್ಟೇ.

ಈಗ ಗಾಲಿಯಿಂದ ರೋಲರಿಗೆ ನೇರ ಚೈನ್ ಹಾಕುತ್ತೇವೆ ಅಂದುಕೊಳ್ಳಿ. ತೋಳು 450 ಎಂಎಂ ಉದ್ದ. ರೋಲರಿನ ಅಕ್ಷ ತೋಳು ಫ್ರೇಮಿಗೆ ಕೂಡಿ ತಿರುಗುವ ಪಿವಟ್‌ನಿಂದ ಗಾಲಿಯ ಕಡೆಗೆ 100, ಮೇಲಕ್ಕೆ 300. ತೋಳಿನ ಜಾಯಿಂಟನ್ನು ಡ್ರೈವ್ ಮಾಡಿ, ಮೆಷರ್‌ನಿಂದ ಗಾಲಿಯ ಅಕ್ಷಕ್ಕೂ ರೋಲರ್ ಅಕ್ಷಕ್ಕೂ ದೂರ ನೋಡಿ. ತೋಳು ಸಮವಾಗಿದ್ದಾಗ ಸುಮಾರು 461 ಎಂಎಂ. 15 ಡಿಗ್ರಿ ಮೇಲೆ ಎತ್ತಿದರೆ 382. 20 ಡಿಗ್ರಿ ಕೆಳಗಿಳಿದರೆ 557. ಯಾವ ಚೈನು ಇದನ್ನು ತಡೆಯುತ್ತೆ? ತಗ್ಗಿಗೆ ಇಳಿದಾಗ ಬಿಗಿದು ಹರಿಯುತ್ತೆ, ದಿಬ್ಬಕ್ಕೆ ಹತ್ತಿದಾಗ ಜೋತು ಬಿದ್ದು ಕಳಚಿಕೊಳ್ಳುತ್ತೆ. ಭಾಗಗಳನ್ನು ಮೂವ್ ಮಾಡಿ ನಿಲ್ಲಿಸಿದ ಮಾಡೆಲ್‌ನಲ್ಲಿ ಇದು ಯಾವತ್ತೂ ಕಾಣಲ್ಲ, ಯಾಕಂದ್ರೆ ಅಲ್ಲಿ ತೋಳು ಯಾವಾಗಲೂ ಸಮವಾಗಿಯೇ ಇರುತ್ತೆ. ಫ್ರೇಮ್ ಪೇಂಟ್ ಆಗಿ ಹೊಲಕ್ಕೆ ಹೋದಮೇಲೆ ಕಾಣುತ್ತೆ.

ಪರಿಹಾರ ಸುಲಭ. ತೋಳಿನ ಪಿವಟ್ ಅಕ್ಷದಲ್ಲೇ ಒಂದು ಜೋಡಿ ಸ್ಪ್ರಾಕೆಟ್ ಕೂಡಿಸಿ. ಗಾಲಿಯಿಂದ ಪಿವಟ್‌ಗೆ ಒಂದು ಚೈನು, ಪಿವಟ್‌ನಿಂದ ರೋಲರಿಗೆ ಇನ್ನೊಂದು. ತೋಳು ಎಷ್ಟೇ ಏರಿಳಿದರೂ ಮೊದಲನೆಯದರ ದೂರ 450, ಎರಡನೆಯದರ ದೂರ ಸುಮಾರು 316, ಎರಡೂ ಕದಲಲ್ಲ. ಜೋಡಿ ಸ್ಪ್ರಾಕೆಟ್ ಫ್ರೇಮಿಗೆ ರೆವಲ್ಯೂಟ್.

ಚೈನಿನ ಕೊಂಡಿಗಳನ್ನು ಮಾಡೆಲ್ ಮಾಡುವ ಗೋಜಿಗೆ ಹೋಗಬೇಡಿ, ಕಂಪ್ಯೂಟರ್ ಮಲಗಿಬಿಡುತ್ತೆ. ಸ್ಪ್ರಾಕೆಟ್‌ಗಳನ್ನು ಪಿಚ್ ವೃತ್ತದ ಡಿಸ್ಕ್ ಮಾಡಿದರೂ ನಡೆಯುತ್ತೆ. ಅರ್ಧ ಇಂಚಿನ, ಅಂದರೆ 12.7 ಎಂಎಂ ಪಿಚ್ಚಿನ ಚೈನಿಗೆ 14 ಹಲ್ಲಿನದು ಸುಮಾರು 57 ಎಂಎಂ ವ್ಯಾಸ, 28 ಹಲ್ಲಿನದು 113.4 ಎಂಎಂ. ಚೈನಿನ ಕೆಲಸವನ್ನು ಮೋಷನ್ ಲಿಂಕ್ ಮಾಡುತ್ತೆ. ಅಸೆಂಬಲ್ ಮೆನುವಿನಲ್ಲಿ ಅದನ್ನು ತೆರೆದು ಎರಡು ಜಾಯಿಂಟ್ ಆರಿಸಿ. ಗಾಲಿಯಲ್ಲೂ ಪಿವಟ್‌ನಲ್ಲೂ 14 ಹಲ್ಲು ಇದ್ದರೆ 360ಕ್ಕೆ 360. ಪಿವಟ್‌ನ ಇನ್ನೊಂದು 14 ಹಲ್ಲಿನದರಿಂದ ರೋಲರಿನ 28 ಹಲ್ಲಿಗೆ ಹೋಗುವಾಗ 360ಕ್ಕೆ 180. ಚೈನಿನಲ್ಲಿ ಎರಡೂ ಸ್ಪ್ರಾಕೆಟ್ ಒಂದೇ ದಿಕ್ಕಿಗೆ ತಿರುಗಬೇಕು, ಗೇರಿನಲ್ಲಾದರೆ ಉಲ್ಟಾ. ಪ್ರಿವ್ಯೂನಲ್ಲಿ ದಿಕ್ಕು ತಪ್ಪಿ ಕಂಡರೆ ರಿವರ್ಸ್ ಟಿಕ್ ಮಾಡಿ. ಜಾಯಿಂಟ್ ಹಾಕುವಾಗ ಯಾವ ಬದಿಯಿಂದ ಕ್ಲಿಕ್ ಮಾಡಿದಿರಿ ಅನ್ನೋದರ ಮೇಲೆ ಈ ದಿಕ್ಕು ನಿಲ್ಲುತ್ತೆ.

ಈಗ ಗಾಲಿಯನ್ನು 360 ಡ್ರೈವ್ ಮಾಡಿದರೆ ರೋಲರ್ ಅರ್ಧ ಸುತ್ತು ತಿರುಗುತ್ತೆ. ಗಾಲಿಯ ವ್ಯಾಸ 400 ಎಂಎಂ ಇದ್ದರೆ ಒಂದು ಸುತ್ತಿಗೆ ಕೂರಿಗೆ ಸುಮಾರು 1257 ಎಂಎಂ ಮುಂದೆ ಹೋಗುತ್ತೆ. ಬೀಜಕ್ಕೊಂದು ಗುಳಿ ಇರುವ ರೋಲರ್ ಆಗಿದ್ದು ಅದರಲ್ಲಿ 24 ಗುಳಿ ಇದ್ದರೆ ಅಷ್ಟು ದೂರದಲ್ಲಿ 12 ಬೀಜ, ಅಂದರೆ ಹತ್ತೂವರೆ ಸೆಂ.ಮೀ.ಗೆ ಒಂದು. ಕಡಲೆಗೆ ಅದು ಸರಿಹೋಗುತ್ತೆ. ಹಸಿ ಮಣ್ಣಿನಲ್ಲಿ ಗಾಲಿ ಜಾರುವುದನ್ನು ಮಾತ್ರ ಯಾವ ಜಾಯಿಂಟೂ ಹೇಳಲ್ಲ, ಅದನ್ನು ಹೊಲದಲ್ಲೇ ನೋಡಬೇಕು.

ಚೈನ್ ಬಿಗಿ ಮಾಡುವ ಐಡ್ಲರ್ ಉದ್ದನೆಯ ಸ್ಲಾಟ್ ತೂತಿನಲ್ಲಿ ಕೂರುತ್ತೆ. ಸ್ಲಾಟ್‌ನಲ್ಲಿ ಸರಿಯುತ್ತೆ, ತನ್ನ ಬೋಲ್ಟಿನ ಸುತ್ತ ತಿರುಗುತ್ತೆ. ಪಿನ್ ಸ್ಲಾಟ್ ಇರುವುದೇ ಇದಕ್ಕೆ. ಸರಿಯುವ ದಿಕ್ಕಿಗೆ ಸ್ಲಾಟ್ ಉದ್ದದಷ್ಟೇ ಲಿಮಿಟ್ ಕೊಡಿ.

ರೋಲರ್ ಶಾಫ್ಟ್: ಸಿಲಿಂಡ್ರಿಕಲ್ ಬೇಕೇ?

ಗೀರುಗಳಿರುವ ಫ್ಲೂಟೆಡ್ ರೋಲರ್‌ನಲ್ಲಿ ಬೀಜದ ಪ್ರಮಾಣ ಹೆಚ್ಚುಕಡಿಮೆ ಮಾಡುವುದು ಶಾಫ್ಟನ್ನು ಅಡ್ಡಕ್ಕೆ ಸರಿಸಿ. ರೋಲರ್ ಎಷ್ಟು ಉದ್ದ ಬೀಜಕ್ಕೆ ತೆರೆದಿರುತ್ತೋ ಅಷ್ಟು ಬೀಜ ಬೀಳುತ್ತೆ. ಶಾಫ್ಟ್ ತಿರುಗುತ್ತೆ, ಸರಿಯುತ್ತೆ ಕೂಡ, ಹಾಗಾದರೆ ಸಿಲಿಂಡ್ರಿಕಲ್ ಅಲ್ವಾ? ಪುಸ್ತಕದ ಉತ್ತರ ಹೌದು. ನಾನಾದರೆ ಹಾಗೆ ಮಾಡಲ್ಲ.

ನಿಜವಾದ ಯಂತ್ರದಲ್ಲಿ ಏನಾಗುತ್ತೆ ನೋಡಿ. ಸ್ಪ್ರಾಕೆಟ್ ಅಡ್ಡಕ್ಕೆ ಸರಿಯಲ್ಲ, ಸರಿದರೆ ಚೈನ್ ಓರೆಯಾಗುತ್ತೆ. ಸ್ಪ್ರಾಕೆಟ್ ಇದ್ದಲ್ಲೇ ತಿರುಗುತ್ತೆ, ಅದರ ಚೌಕ ತೂತಿನೊಳಗೆ ಚೌಕ ಶಾಫ್ಟ್ ಜಾರುತ್ತೆ. ಅದನ್ನೇ ಮಾಡೆಲ್ ಮಾಡಿ: ಸ್ಪ್ರಾಕೆಟ್ ಪೆಟ್ಟಿಗೆಗೆ ರೆವಲ್ಯೂಟ್, ಶಾಫ್ಟ್ ಸ್ಪ್ರಾಕೆಟ್‌ಗೆ ಸ್ಲೈಡರ್, ಲಿಮಿಟ್ 0ಯಿಂದ 40 ಎಂಎಂ. ಎರಡು ಸರಳ ಜಾಯಿಂಟ್. ಮೋಷನ್ ಲಿಂಕ್ ರೆವಲ್ಯೂಟ್‌ಗೆ ನೇರ ಬೀಳುತ್ತೆ, ಬೀಜದ ಪ್ರಮಾಣ ಸ್ಲೈಡರ್‌ನಲ್ಲಿ ಬೇರೆಯಾಗಿ ಸಿಗುತ್ತೆ, ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡಲ್ಲ. ಶಾಫ್ಟಿನ ಇನ್ನೊಂದು ತುದಿಯ ಬುಷ್‌ಗೆ ಮತ್ತೆ ಜಾಯಿಂಟ್ ಹಾಕಬೇಡಿ. ಶಾಫ್ಟ್ ಎಲ್ಲಿರಬೇಕು ಅಂತ ಆಗಲೇ ಹೇಳಿಯಾಗಿದೆ.

ಟ್ರ್ಯಾಕ್ಟರ್ ಲಿಂಕುಗಳು: ಸುತ್ತು ಮುಚ್ಚುವ ಜಾಗ

ಇಲ್ಲಿಯವರೆಗೆ ಒಂದಕ್ಕೆ ಒಂದು ಜೋತು ಬಿದ್ದ ಭಾಗಗಳು. ಲಿಂಕುಗಳು ಹಾಗಲ್ಲ. ಟ್ರ್ಯಾಕ್ಟರ್, ಲೋವರ್ ಲಿಂಕ್, ಫ್ರೇಮ್, ಟಾಪ್ ಲಿಂಕ್, ಮತ್ತೆ ಟ್ರ್ಯಾಕ್ಟರ್ ಅಂತ ಸುತ್ತು ಮುಚ್ಚಿಕೊಳ್ಳುತ್ತೆ. ಜಾಯಿಂಟ್‌ಗಳು ಜಗಳ ಆಡುವುದು ಇಂಥ ಜಾಗದಲ್ಲೇ. ಈ ಭಾಗಕ್ಕೆ ಗ್ರೌಂಡನ್ನು ಫ್ರೇಮಿನಿಂದ ತೆಗೆದು ಟ್ರ್ಯಾಕ್ಟರಿಗೆ ಕೊಡಿ. ಇಡೀ ಟ್ರ್ಯಾಕ್ಟರ್ ಬಿಡಿಸಬೇಕಿಲ್ಲ, ಮೂರು ಪಿನ್ ಸರಿಯಾದ ಜಾಗದಲ್ಲಿರುವ ಒಂದು ತುಂಡು ಸಾಕು. ಈ ಲಿಂಕು ಜೋಡಣೆಗೆ ಹಿಚ್ ಅಂತಾರೆ, ಅದರ ಅಳತೆಯ ದರ್ಜೆಯೇ ಕೆಟಗರಿ. ಕೆಟಗರಿ 1 ಹಿಚ್‌ನಲ್ಲಿ ಲೋವರ್ ಲಿಂಕ್ ಪಿನ್ 22 ಎಂಎಂ, ಟಾಪ್ ಲಿಂಕ್ ಪಿನ್ 19. ಕೆಟಗರಿ 2ರಲ್ಲಿ 28 ಮತ್ತು 25. ನಿಮ್ಮ ಗಿರಾಕಿಯ ಟ್ರ್ಯಾಕ್ಟರ್ ಯಾವ ಕೆಟಗರಿ ಅಂತ ಮೊದಲೇ ಕೇಳಿಕೊಳ್ಳಿ.

ಮೂರೂ ಲಿಂಕಿನ ಎರಡೂ ತುದಿಗೆ ರೆವಲ್ಯೂಟ್ ಹಾಕಿದರೆ ಕೊನೆಯ ಜಾಯಿಂಟ್ ಹಾಕುವಾಗ ಎರರ್ ಬರುವ ಸಾಧ್ಯತೆ ಜಾಸ್ತಿ. ಎಲ್ಲ ಅಕ್ಷಗಳೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಸಮಾನಾಂತರ ಇದ್ದರೆ ಮಾತ್ರ ಅದು ಕೂಡುತ್ತೆ. ಟ್ರ್ಯಾಕ್ಟರ್ ಲಿಂಕಿನ ತುದಿಯನ್ನೇ ಒಮ್ಮೆ ನೋಡಿ, ತೂತಿನಲ್ಲಿ ವಾಲುವ ಗುಂಡು ಇರುತ್ತೆ. ಬಾಲ್ ಜಾಯಿಂಟ್ ಅದೇ.

ಆದರೆ ಎಲ್ಲ ತುದಿಗೂ ಬಾಲ್ ಹಾಕಿದರೆ ಕೂರಿಗೆ ಎಡಬಲಕ್ಕೆ ಓಲಾಡುತ್ತೆ, ಒಂದು ಪಕ್ಕಕ್ಕೆ ವಾಲುತ್ತೆ. ನಿಜವಾದ ಟ್ರ್ಯಾಕ್ಟರಿನಲ್ಲೂ ಹಾಗೇ. ಅದಕ್ಕೇ ಅಲ್ಲಿ ಪಕ್ಕದ ಚೈನು, ಲಿಫ್ಟ್ ರಾಡು ಇರೋದು. ನಮಗೆ ಎತ್ತಿ ಇಳಿಸುವುದನ್ನು ಮಾತ್ರ ನೋಡಬೇಕಾದರೆ ಹೀಗೆ ಮಾಡಿ. ಎಡ ಲೋವರ್ ಲಿಂಕಿನ ಎರಡೂ ತುದಿ ರೆವಲ್ಯೂಟ್, ಅಕ್ಷ ಅಡ್ಡಕ್ಕೆ. ಟಾಪ್ ಲಿಂಕಿನ ಎರಡೂ ತುದಿ ಬಾಲ್. ಬಲ ಲೋವರ್ ಲಿಂಕಿಗೂ ಎರಡೂ ತುದಿ ಬಾಲ್, ಮತ್ತು ಅದು ಎಡದ್ದೇ ಪೇಸ್ಟ್ ಮಾಡಿದ ಕಾಪಿ ಆಗಿರಲಿ, ಉದ್ದದಲ್ಲಿ ಫರಕ್ ಬರಬಾರದು. ಎರಡು ತುದಿಗೂ ಬಾಲ್ ಇರುವ ಲಿಂಕು ತನ್ನ ಸುತ್ತ ತಾನೇ ಹೊರಳಬಹುದು, ಅದರಿಂದ ತೊಂದರೆ ಇಲ್ಲ.

ಎಡ ಲಿಂಕಿನ ಟ್ರ್ಯಾಕ್ಟರ್ ಕಡೆಯ ಜಾಯಿಂಟನ್ನು ಡ್ರೈವ್ ಮಾಡಿ ಕೂರಿಗೆಯನ್ನು ಪೂರ್ತಿ ಎತ್ತಿ. ಪೆಟ್ಟಿಗೆಯ ಮುಚ್ಚಳವನ್ನು 110ಕ್ಕೆ ತೆರೆದಿಟ್ಟು ಇನ್ನೊಮ್ಮೆ ಎತ್ತಿ. ಎತ್ತಿದಾಗ ಟಾಪ್ ಲಿಂಕು ಮಾಸ್ಟಿನ ಪ್ಲೇಟಿಗೆ ತಾಗುತ್ತಾ, ಗಾಲಿಯ ತೋಳು ಜೋತು ಬಿದ್ದು ರಸ್ತೆಗೆ ತಾಗುತ್ತಾ, ಎರಡನ್ನೂ ಇಲ್ಲೇ ನೋಡಿಕೊಳ್ಳಬಹುದು.

ತಾಗುವುದನ್ನು ಹಿಡಿಯುವುದು

ಕಣ್ಣಿಗೆ ಕಾಣುವುದನ್ನು ನಂಬಬೇಡಿ. ಇನ್‌ಸ್ಪೆಕ್ಟ್ ಮೆನುವಿನಲ್ಲಿ ಇಂಟರ್‌ಫಿಯರೆನ್ಸ್ ಇದೆ. ಕಾಂಪೊನೆಂಟ್‌ಗಳನ್ನು ಆರಿಸಿ ಕಂಪ್ಯೂಟ್ ಕೊಟ್ಟರೆ ಒಂದರೊಳಗೊಂದು ತೂರಿದ ಜಾಗ ಬಣ್ಣದಲ್ಲಿ ಕಾಣುತ್ತೆ. ಅದು ಈಗ ನಿಂತಿರುವ ಸ್ಥಿತಿಗೆ ಮಾತ್ರ ಅನ್ನೋದು ನೆನಪಿರಲಿ. ಪೂರ್ತಿ ಎತ್ತಿ ಒಮ್ಮೆ, ಪೂರ್ತಿ ಇಳಿಸಿ ಒಮ್ಮೆ, ತೋಳು ಎರಡೂ ಕೊನೆಗೆ ತಂದು ಒಮ್ಮೊಮ್ಮೆ ನೋಡಬೇಕು. 22ರ ಪಿನ್ನಿಗೆ 22ರದ್ದೇ ತೂತು ಬಿಡಿಸಿದ್ದರೆ ಇಂಟರ್‌ಫಿಯರೆನ್ಸ್ ಏನೂ ಅನ್ನಲ್ಲ, ಆದರೆ ಪೇಂಟ್ ಹೊಡೆದ ಮೇಲೆ "ಸರ, ಪಿನ್ ಹೋಗವಲ್ದು" ಅಂತ ಫೋನ್ ಬರುತ್ತೆ. ಇಂಥ ಕೆಲಸಕ್ಕೆ ತೂತು ಅರ್ಧ ಎಂಎಂ ದೊಡ್ಡದಿರಲಿ.

ಭಾಗ ಭಾಗಕ್ಕೆ ತಾಗಿದಾಗ ಎಳೆಯುವುದು ನಿಲ್ಲಬೇಕು ಅನ್ನಿಸಿದರೆ ಕಾಂಟ್ಯಾಕ್ಟ್ ಸೆಟ್ ಇದೆ. ಎರಡು ಮೂರು ಭಾಗಕ್ಕೆ ಓಕೆ, ಇಡೀ ಯಂತ್ರಕ್ಕೆ ಹಾಕಿದರೆ ಮೌಸೇ ಅಲ್ಲಾಡಲ್ಲ.

ಕೈಕೊಟ್ಟಾಗ

ಭಾಗ ಎಳೆದಾದ ಮೇಲೆ ಬೇರೆ ಕಮಾಂಡ್ ತೆಗೆದರೆ ಹೊಸ ಸ್ಥಿತಿಯನ್ನು ಉಳಿಸಬೇಕಾ ಅಂತ ಫ್ಯೂಷನ್ ಕೇಳುತ್ತೆ. ಸುಮ್ನೆ ಆಡಿಸಿ ನೋಡಿದ್ದಾದರೆ ರಿವರ್ಟ್ ಕೊಡಿ. ಪ್ರತಿ ಸಲ ಕ್ಯಾಪ್ಚರ್ ಪೊಸಿಷನ್ ಒತ್ತುತ್ತಾ ಹೋದರೆ ಟೈಮ್‌ಲೈನ್ (ಮಾಡಿದ ಕೆಲಸಗಳ ಸಾಲು) ತುಂಬಾ ಅದೇ ಗುರುತುಗಳು, ಆಮೇಲೆ ಯಾವುದು ಯಾಕೆ ಅಂತ ನಿಮಗೇ ಗೊತ್ತಾಗಲ್ಲ.

ಟೈಮ್‌ಲೈನ್‌ನಲ್ಲಿ ಜಾಯಿಂಟ್ ಹಳದಿ ಅಥವಾ ಕೆಂಪಾದರೆ ಒಂದೋ ಅದು ಹಿಡಿದಿದ್ದ ಅಂಚು ಮಾಯವಾಗಿದೆ, ಇಲ್ಲಾ ಎರಡು ಜಾಯಿಂಟ್ ಒಂದಕ್ಕೊಂದು ಒಪ್ಪುತ್ತಿಲ್ಲ. ಅಂಚು ಮಾಯವಾಗುವುದು ಬಹಳಷ್ಟು ಸಲ ಫಿಲೆಟ್‌ನಿಂದ. ಮೂಲೆ ಗುಂಡಗೆ ಮಾಡಿದ ಕೂಡಲೇ ಹಳೇ ಅಂಚು ಇರಲ್ಲ. ಅದಕ್ಕೇ ಜಾಯಿಂಟಿಗೆ ತೂತಿನ ವೃತ್ತ ಹಿಡಿಯಿರಿ, ಹೊರಮೂಲೆ ಬೇಡ. ಒಪ್ಪದಿರುವುದಾದರೆ ಕೊನೆಯ ಜಾಯಿಂಟಿನಿಂದ ಶುರು ಮಾಡಿ ಒಂದೊಂದೇ ಸಪ್ರೆಸ್ ಮಾಡುತ್ತಾ (ಅಳಿಸದೆ ತಾತ್ಕಾಲಿಕವಾಗಿ ನಿಲ್ಲಿಸುತ್ತಾ) ಹಿಂದಕ್ಕೆ ಬನ್ನಿ. ಯಾವುದನ್ನು ಸಪ್ರೆಸ್ ಮಾಡಿದಾಗ ಎಲ್ಲ ಸರಿಯಾಯಿತೋ ಅದೇ ಕಳ್ಳ. ಜಾಯಿಂಟ್‌ಗಳಿಗೆ ಹಾಕುತ್ತಲೇ ಹೆಸರು ಕೊಟ್ಟಿದ್ದರೆ ಈ ಹುಡುಕಾಟ ಐದು ನಿಮಿಷದ ಕೆಲಸ. ಎಲ್ಲ ಬರೀ ರೆವಲ್ಯೂಟ್ ಒಂದು, ಎರಡು, ಹನ್ನೆರಡು ಅಂತ ಇದ್ದರೆ ಅರ್ಧ ದಿನ.

ಫ್ಯೂಷನ್ ಬೇಡ, ಪೂರ್ತಿ ಉಚಿತವೇ ಬೇಕು ಅನ್ನುವವರಿಗೆ ಫ್ರೀಕ್ಯಾಡ್ ಇದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಿಂದ ಅಸೆಂಬ್ಲಿ ವರ್ಕ್‌ಬೆಂಚ್ ಅದರೊಳಗೇ ಇದೆ. ಅಲ್ಲಿ ರಿಜಿಡ್ ಬದಲು ಫಿಕ್ಸ್ಡ್ ಅಂತ ಹೆಸರು. ರೆವಲ್ಯೂಟ್, ಸ್ಲೈಡರ್, ಸಿಲಿಂಡ್ರಿಕಲ್, ಬಾಲ್ ಹಾಗೇ ಇವೆ. ಗೇರ್ ಮತ್ತು ಬೆಲ್ಟ್‌ಗೆ ಬೇರೆ ಜಾಯಿಂಟೇ ಕೊಟ್ಟಿದ್ದಾರೆ. ಯೋಚನೆಯ ಕ್ರಮ ಒಂದೇ.

ವರ್ಕ್‌ಶಾಪ್‌ಗೆ ಕೊಡುವಾಗ

ಕೂರಿಗೆ ಮುಗಿಯಿತು, ಫೈಲ್ ಕಳಿಸಬೇಕು. ಬೇರೆ ಕ್ಯಾಡ್‌ಗಳೂ ಓದುವ ಸ್ಟೆಪ್ ಫೈಲ್ ಮಾಡಿ ಕೊಟ್ಟರೆ ಆಕಾರ ಅವರಿಗೆ ತಲುಪುತ್ತೆ, ಜಾಯಿಂಟ್ ತಲುಪಲ್ಲ. ಎಕ್ಸ್‌ಪೋರ್ಟ್ ಮಾಡುವ ಕ್ಷಣದಲ್ಲಿ ಭಾಗಗಳು ಹೇಗೆ ನಿಂತಿವೆಯೋ ಹಾಗೇ ಹೆಪ್ಪುಗಟ್ಟುತ್ತವೆ. ಆದ್ದರಿಂದ ಮೊದಲು ಮುಚ್ಚಳ 0, ತೋಳು 0, ತಾಳಿನ ಆಳ ಬೇಕಾದಷ್ಟಕ್ಕೆ ತಂದು ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ಎದುರಿನವರ ಹತ್ತಿರವೂ ಫ್ಯೂಷನ್ ಇದ್ದರೆ ಅದರದ್ದೇ ಎಫ್‌ತ್ರೀಡಿ ಫೈಲ್ ಕೊಡಿ, ಜಾಯಿಂಟ್ ಸಮೇತ ಹೋಗುತ್ತೆ. ಬರೀ ಪಿಡಿಎಫ್ ಡ್ರಾಯಿಂಗ್ ಕೊಡುವುದಾದರೆ ತೋಳಿನ 15 ಮತ್ತು 20 ಡಿಗ್ರಿ, ಮುಚ್ಚಳದ 110 ಡಿಗ್ರಿ, ಶಾಫ್ಟಿನ 40 ಎಂಎಂ ಸರಿದಾಟ ಎಲ್ಲವನ್ನೂ ಬರಹದಲ್ಲಿ ಹಾಕಿ. ಸ್ಟಾಪರ್ ಎಲ್ಲಿ ವೆಲ್ಡ್ ಮಾಡಬೇಕು ಅಂತ ವೆಲ್ಡರ್‌ಗೆ ತಿಳಿಯೋದು ಆ ಅಂಕಿಗಳಿಂದಲೇ.